ಕಟ್ಟಿಕೊಂಡವರು, ಕಟ್ಟಿಕೊಟ್ಟವರು

ಅನುವಾದದ ಕೆಲಸದಲ್ಲಿ ಉದ್ದ ವಾಕ್ಯಗಳಿಗಿಂತ ಸಣ್ಣ ಮಾತುಗಳೇ ಹೆಚ್ಚು ಸತಾಯಿಸುತ್ತವೆ. ಈಚೆಗೆ ಮೊಬೈಲಿನ ಒಂದು ಆ್ಯಪ್‌ನ ಪಠ್ಯವನ್ನು ಕನ್ನಡಕ್ಕೆ ತರುತ್ತಿದ್ದೆ. ಬೆಳಗ್ಗೆ ಮನೆ ಬಿಟ್ಟು ರಾತ್ರಿ ಮರಳುವವರು ತಮ್ಮ ಕೆಲಸ, ಭೇಟಿ, ಊಟ, ಸಾಮಾನು ಇವನ್ನೆಲ್ಲ ಗೊಂದಲವಿಲ್ಲದೆ ನಿಭಾಯಿಸಲು ನೆರವಾಗುವ ಆ್ಯಪ್ ಅದು. ‘ಆರ್ಗನೈಸ್ಡ್’ ಎಂಬ ಪದ ಮತ್ತೆ ಮತ್ತೆ ಬರುತ್ತಿತ್ತು. ‘ಸಂಘಟಿತ’ ಎಂದರೆ ಕಾರ್ಮಿಕ ಸಂಘ ನೆನಪಾಗುತ್ತದೆ. ‘ವ್ಯವಸ್ಥಿತ’ ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ ಬರುತ್ತದೆ. ನಮ್ಮ ಮನೆಗಳಲ್ಲಿ ಈ ಅರ್ಥಕ್ಕೆ ನಿಜವಾಗಿ ಓಡಾಡುವ ಮಾತು ‘ಅಚ್ಚುಕಟ್ಟು’.

ಅಚ್ಚುಕಟ್ಟು ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆ. ಒಂದು ಕೆರೆಯ ನೀರು ಎಷ್ಟು ನೆಲಕ್ಕೆ ಹಾಯುತ್ತದೋ ಅಷ್ಟು ನೆಲ ಆ ಕೆರೆಯ ಅಚ್ಚುಕಟ್ಟು. ನೀರಾವರಿ ಇಲಾಖೆಯ ಕಾಗದಗಳಲ್ಲಿ ಇವತ್ತಿಗೂ ‘ಅಚ್ಚುಕಟ್ಟು ಪ್ರದೇಶ’ ಎಂದೇ ಬರೆಯುತ್ತಾರೆ. ಇರುವ ನೀರು ಇಷ್ಟು, ಅದು ಸಲ್ಲಬೇಕಾದ ಜಾಗ ಇಷ್ಟು ಎಂದು ಲೆಕ್ಕ ಹಾಕಿ ಗೆರೆ ಎಳೆದ ನೆಲ ಅದು. ದಿನಕ್ಕೂ ಇದು ಒಪ್ಪುತ್ತದೆ. ಇರುವ ಹೊತ್ತು ಇಷ್ಟು, ಅದು ಹಾಯಬೇಕಾದ ಕೆಲಸ ಇಷ್ಟು.

ಆದರೆ ಆ ಪಠ್ಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪದವಲ್ಲ, ವ್ಯಾಕರಣ. ಕನ್ನಡದಲ್ಲಿ ‘ಕಟ್ಟು’ ಎಂಬ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿಸಿದರೆ ಕೆಲಸದ ಫಲ ಮಾಡಿದವರಿಗೇ ಸೇರುತ್ತದೆ, ‘ಕೊಡು’ ಸೇರಿಸಿದರೆ ಇನ್ನೊಬ್ಬರಿಗೆ ಸೇರುತ್ತದೆ. ‘ಅವನು ಬುತ್ತಿ ಕಟ್ಟಿಕೊಂಡ’, ‘ಅವಳು ಬುತ್ತಿ ಕಟ್ಟಿಕೊಟ್ಟಳು.’ ಎರಡು ಸಣ್ಣ ಸಹಾಯಕ ಕ್ರಿಯಾಪದಗಳು, ಎರಡು ಬೇರೆ ಜೀವನಗಳು. ಆ್ಯಪ್‌ನ ಪಠ್ಯದಲ್ಲಿ ಎಲ್ಲವೂ ‘ಕೊಳ್ಳು’. ನಿಮ್ಮ ದಿನ ಜೋಡಿಸಿಕೊಳ್ಳಿ, ನೆನಪಿಟ್ಟುಕೊಳ್ಳಿ, ಬರೆದುಕೊಳ್ಳಿ. ಹೊರಗಿನ ದಿನವನ್ನು ಅಚ್ಚುಕಟ್ಟಾಗಿಡುವುದು ಒಬ್ಬ ವ್ಯಕ್ತಿಯ ಜಾಣತನ ಎಂಬ ನಂಬಿಕೆ ಅದರ ಪ್ರತಿ ಸಾಲಿನ ಹಿಂದೆ ಇದೆ.

ಕನ್ನಡ ನಾಡಿನಲ್ಲಿ ಜನ ಮನೆಯಿಂದ ಹೊರಗೆ ಹೋಗುವಾಗ ಜತೆಗೊಯ್ಯುತ್ತಿದ್ದ ಮೂರು ವಸ್ತುಗಳ ಚರಿತ್ರೆ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಹಡಪ, ಕಡತ, ಬುತ್ತಿ. ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಕಟ್ಟಿದವರು ಯಾರು, ಹಿಡಿದವರು ಯಾರು?

ಹಡಪ

ಹಡಪ ಎಂದರೆ ವೀಳ್ಯದ ಚೀಲ. ಸಂಚಿ ಎಂದರೂ ಅದೇ. ಪುಣೆ, ಮುಂಬೈಗಳ ಓದುಗರು ಹಳೆಯ ಮರಾಠಿ ಮನೆಗಳಲ್ಲಿ ‘ಚಂಚಿ’ ಎಂಬ ಮಾತು ಕೇಳಿರಬಹುದು. ಅದೂ ಅಡಿಕೆ ಎಲೆಯ ಚೀಲವೇ. ಒಂದೇ ಚೀಲ, ಒಳಗೆ ಹಲವು ಅರೆಗಳು. ಹೀಗೆ ವಿಂಗಡಿಸಲು ಕಾರಣವಿತ್ತು. ವೀಳ್ಯದೆಲೆಗೆ ತೇವ ಬೇಕು, ಇಲ್ಲದಿದ್ದರೆ ಬಾಡುತ್ತದೆ. ಅಡಿಕೆಗೆ ತೇವ ತಾಗಬಾರದು, ತಾಗಿದರೆ ಬೂಸ್ಟು ಹಿಡಿಯುತ್ತದೆ. ಸುಣ್ಣ ಒಣಗಬಾರದು, ಹೊರಗೂ ಸೋರಬಾರದು. ಲವಂಗ, ಏಲಕ್ಕಿ, ಕಾಚು, ಪಚ್ಚಕರ್ಪೂರಗಳ ವಾಸನೆ ಒಂದಕ್ಕೊಂದು ಬೆರೆಯಬಾರದು. ಇದರ ಜತೆಗೆ ಅಡಕತ್ತರಿ. ಬಿಸಿಲಿನಲ್ಲಿ ದಿನವಿಡೀ ತಿರುಗಿದರೂ ಕೇಳಿದ ಕ್ಷಣ ಹದವಾದ ಒಂದು ವೀಳ್ಯ ಕೈಗೆ ಬರಬೇಕೆಂದರೆ, ಚೀಲ ಹಿಡಿದವರಿಗೆ ಎಲೆಯ ಗುಣವೂ ಗೊತ್ತಿರಬೇಕು, ಯಜಮಾನನ ದಿನದ ಗತಿಯೂ ಗೊತ್ತಿರಬೇಕು.

ತಾಂಬೂಲ ಆಗ ಬರೀ ಬಾಯಿಚಪಲವಲ್ಲ. ಯಾರಿಗೆ ಮೊದಲು ಕೊಡಬೇಕು, ಯಾರಿಗೆ ಅರಸನ ಕೈಯಿಂದಲೇ ಸಲ್ಲಬೇಕು ಎಂಬುದರಲ್ಲಿ ಮರ್ಯಾದೆಯ ಲೆಕ್ಕವಿತ್ತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಿದ್ಧವಾದದ್ದು 1130ರ ಆಸುಪಾಸಿನಲ್ಲಿ. ಅರಸನ ಭೋಗಗಳನ್ನು ಒಂದೊಂದಾಗಿ ವಿವರಿಸುವ ಆ ಗ್ರಂಥದಲ್ಲಿ ತಾಂಬೂಲಭೋಗಕ್ಕೆ ಪ್ರತ್ಯೇಕ ಸ್ಥಾನವಿದೆ. ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ನಂತರ, ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಬಳಿ ಹಡಪ ಹಿಡಿಯುತ್ತಿದ್ದವರು ಅಪ್ಪಣ್ಣ.

ಹಡಪದ ಅಪ್ಪಣ್ಣನವರ ಹೆಸರು ಕೇಳದ ಕನ್ನಡಿಗರು ಕಡಿಮೆ. ಆದರೆ ಆ ಹೆಸರಿನ ಮೊದಲ ಅರ್ಧ ಒಂದು ಚೀಲ ಎಂಬುದನ್ನು ನಾವು ಮರೆತಿದ್ದೇವೆ. ಹಡಪ ಹಿಡಿದವರು ಎಲೆ ಮಡಿಚಿ ಕೊಟ್ಟು ಸುಮ್ಮನೆ ಇರುತ್ತಿರಲಿಲ್ಲ. ಒಳಗೆ ಯಾರಿದ್ದಾರೆ, ಹೊರಗೆ ಯಾರು ಕಾದಿದ್ದಾರೆ, ಯಾರನ್ನು ಕರೆಯಬೇಕು ಎಂಬುದೆಲ್ಲ ಅವರ ಕೈಯಲ್ಲಿರುತ್ತಿತ್ತು. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಮಹಾಮನೆಯ ಬಾಗಿಲಿಗೆ ಬರುವ ಪ್ರಸಂಗವಿದೆ. ಬಸವಣ್ಣ ಪೂಜೆಯಲ್ಲಿದ್ದಾರೆ, ಅಲ್ಲಮರನ್ನು ಒಳಗೆ ಕರೆತರಲು ಅಪ್ಪಣ್ಣನನ್ನು ಕಳಿಸುತ್ತಾರೆ. ಅಲ್ಲಮ ಬರಲೊಪ್ಪುವುದಿಲ್ಲ. ಕರೆಯಬೇಕಾದವರು ತಾವೇ ಬಂದು ಕರೆಯಬೇಕು, ಆ ಕೆಲಸ ಇನ್ನೊಬ್ಬರ ಮೂಲಕ ಆಗುವಂಥದ್ದಲ್ಲ ಎಂಬ ಪಾಠ ಅಲ್ಲಿದೆ. ತನ್ನ ಹೊತ್ತನ್ನು ಇನ್ನೊಬ್ಬರಿಂದ ಕಟ್ಟಿಸಿಕೊಳ್ಳುವುದಕ್ಕೆ ಒಂದು ಮಿತಿ ಇದೆ ಎಂದು ಆ ಕಥೆ ಹೇಳುತ್ತದೆ ಎಂದೇ ನಾನು ಓದುತ್ತೇನೆ.

ಶರಣರ ಕಲ್ಯಾಣದ ವಿಶೇಷವೆಂದರೆ, ಚೀಲ ಹಿಡಿದ ಅಪ್ಪಣ್ಣನವರೂ ವಚನ ಬರೆದರು, ಅವರ ಹೆಂಡತಿ ಲಿಂಗಮ್ಮನೂ ಬರೆದರು. ಇಬ್ಬರಿಗೂ ಅವರವರದೇ ಅಂಕಿತಗಳಿವೆ. ಇನ್ನೊಬ್ಬರ ದಿನವನ್ನು ಹಿಡಿದವರ ಸ್ವಂತ ಮಾತು ಉಳಿದುಬಂದ ಅಪರೂಪದ ಉದಾಹರಣೆ ಇದು.

ವಿಜಯನಗರದಲ್ಲಿ ಇದೇ ಚೀಲಕ್ಕೆ ಬೇರೆಯೇ ಬಲ ಬಂತು. 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಕೃಷ್ಣದೇವರಾಯನ ರಾಯಚೂರು ದಂಡಯಾತ್ರೆಯ ಸೈನ್ಯವನ್ನು ಎಣಿಸುತ್ತಾ, ಅರಸನಿಗೆ ವೀಳ್ಯ ಕೊಡುವವನ ಕೈಕೆಳಗೆ 15,000 ಕಾಲಾಳು, 200 ಕುದುರೆ ಇದ್ದವೆಂದು ಬರೆಯುತ್ತಾನೆ. ದೊಡ್ಡವರ ದಿನವನ್ನು ಯಾರು ಹಿಡಿದಿರುತ್ತಾರೋ ಅವರ ಕೈಗೆ ಸ್ವಲ್ಪ ಅಧಿಕಾರವೂ ಸೋರಿ ಬರುತ್ತದೆ. ಇಂದಿನ ಮಂತ್ರಿಗಳ ಆಪ್ತ ಕಾರ್ಯದರ್ಶಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಂಗಸರ ಕೈಯಲ್ಲಿ ಸಂಚಿ ಇದ್ದಾಗ ಕಥೆ ಬೇರೆ. 17ನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಣ್ಣು ಹೊನ್ನಮ್ಮ. ಆಕೆ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆಯ ಕರ್ತವ್ಯಗಳನ್ನು ಹೇಳುವ ಕೃತಿ ಅದು. ಅದರ ನಡುವೆಯೇ, ಗಂಡು ಮಗುವನ್ನು ಹೆಚ್ಚೆಂದೂ ಹೆಣ್ಣು ಮಗುವನ್ನು ಕಡಿಮೆಯೆಂದೂ ಎಣಿಸುವವರನ್ನು ನೇರವಾಗಿ ಪ್ರಶ್ನಿಸುವ ಭಾಗವೂ ಇದೆ. ಸಾಹಿತ್ಯ ಚರಿತ್ರೆ ಆಕೆಯನ್ನು ‘ಸಂಚಿಯ ಹೊನ್ನಮ್ಮ’ ಎಂದೇ ಕರೆಯುತ್ತದೆ. ಚಿಕ್ಕದೇವರಾಜರ ಆಸ್ಥಾನದ ಗಂಡು ಕವಿಗಳಲ್ಲಿ ತಿರುಮಲಾರ್ಯನಿಗಾಗಲಿ ಚಿಕುಪಾಧ್ಯಾಯನಿಗಾಗಲಿ ಹೆಸರಿನ ಮುಂದೆ ಚೀಲ ಅಂಟಿಲ್ಲ.

ಹಡಪ ಎಂಬ ಪದ ಮುಂದೆ ಇನ್ನೊಂದು ದಾರಿ ಹಿಡಿಯಿತು. ಕ್ಷೌರಿಕರು ಮನೆಮನೆಗೆ ಹೋಗುವಾಗ ಒಯ್ಯುತ್ತಿದ್ದ ಕತ್ತಿ, ಕತ್ತರಿ, ಸಾಣೆಕಲ್ಲು, ಕನ್ನಡಿಗಳ ಚೀಲಕ್ಕೂ ಹಡಪ ಎಂದೇ ಹೆಸರಾಯಿತು. ತಮಿಳಿನ ‘ಅಡೈಪ್ಪಂ’ ಎಂಬ ಪದಕ್ಕೂ ಈ ಎರಡೂ ಅರ್ಥಗಳಿವೆ. ಕರ್ನಾಟಕದಲ್ಲಿ ಈ ವೃತ್ತಿಯ ಸಮುದಾಯವೊಂದು ಇಂದು ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಗೌರವಿಸುತ್ತದೆ, ‘ಹಡಪದ’ ಎಂಬುದು ಅಡ್ಡಹೆಸರೂ ಆಗಿದೆ. ಹೊರಗೆ ತಿರುಗುವ ದಿನದ ಅಚ್ಚುಕಟ್ಟು ಯಾರಿಗಾದರೂ ಹೊಟ್ಟೆಪಾಡಾಗಿದ್ದರೆ ಅದು ಇವರಿಗೆ. ಮನೆ ಮುಂದಿನ ಜಗಲಿಯೇ ಅಂಗಡಿ. ಅಂಗಡಿಯ ಎಲ್ಲ ಸರಕೂ ಒಂದು ಚೀಲದೊಳಗೆ.

ಕಡತ

ಇನ್ನು ಎರಡನೆಯ ವಸ್ತು. ಚೆನ್ನೈ ಓದುಗರಿಗೆ ‘ಕಡಿದಂ’ ಎಂದರೆ ಪತ್ರ. ಬೆಂಗಳೂರಿನ ಕಚೇರಿಗಳಲ್ಲಿ ‘ಕಡತ’ ಎಂದರೆ ಫೈಲು. ಕನ್ನಡಕ್ಕೆ ತಂದ ಕಂಪ್ಯೂಟರ್ ತಂತ್ರಾಂಶಗಳಲ್ಲೂ ಫೈಲಿಗೆ ಕಡತ ಎಂದೇ ಬಳಸುತ್ತೇವೆ. ಇನ್ನೂರು ವರ್ಷದ ಹಿಂದೆ ಇದು ಕೈಯಲ್ಲಿ ಹಿಡಿಯುವ, ಕಂಕುಳಲ್ಲಿ ಇಟ್ಟುಕೊಂಡು ಊರೂರು ತಿರುಗುವ, ಕಪ್ಪು ಬಣ್ಣದ ಒಂದು ವಸ್ತುವಾಗಿತ್ತು.

ಉದ್ದನೆಯ ಹತ್ತಿ ಬಟ್ಟೆ ತೆಗೆದುಕೊಳ್ಳುತ್ತಿದ್ದರು. ಹುಣಸೆ ಬೀಜ ಅರೆದು ಕಾಯಿಸಿದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಯ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಗಟ್ಟಿಯಾದ ಕಪ್ಪು ಹಾಳೆ. ಅದನ್ನು ಕತ್ತರಿಸದೆ, ಒಂದರ ಮೇಲೊಂದು ಮಡಿಕೆ ಹಾಕಿದರೆ ಪುಸ್ತಕ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಉಳ್ಳವರ ಕಡತಕ್ಕೆ ಎರಡು ತುದಿಗೂ ಬಣ್ಣ ಬಳಿದ ಮರದ ಹಲಗೆ, ಮೇಲೊಂದು ಬಟ್ಟೆಯ ಚೀಲ. ಇಲ್ಲದವರ ಕಡತಕ್ಕೆ ಒಂದು ತುಂಡು ದಾರ. ಅಲೆಗ್ಸಾಂಡರನ ನೌಕಾಪಡೆಯ ಮುಖ್ಯಸ್ಥ ನಿಯಾರ್ಕಸ್, ಭಾರತೀಯರು ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಬರೆಯುತ್ತಾರೆಂದು ಹೇಳಿದ್ದು ಇದನ್ನೇ ಇರಬಹುದೆಂದು ವಿಲ್ಕ್ಸ್ ಊಹಿಸಿದ್ದ.

ಬರೆಯುವ ಸಾಧನ ಬಳಪ. ಬೇಲೂರು ಹಳೇಬೀಡುಗಳ ಶಿಲ್ಪಗಳನ್ನು ಕಡೆದದ್ದೂ ಬಳಪದ ಕಲ್ಲಿನಲ್ಲೇ. ದೇವಾಲಯದ ಗೋಡೆಯಲ್ಲಿ ಒಂಬೈನೂರು ವರ್ಷ ಉಳಿದ ಜಾತಿಯ ಕಲ್ಲು, ಕಡತದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಮಾಯವಾಗುವ ಅಕ್ಷರವಾಗುತ್ತಿತ್ತು.

ಹೊರಗೆ ತಿರುಗುವವರಿಗೆ ಕಡತ ಯಾಕೆ ಹಿಡಿಸಿತು ಎಂಬುದನ್ನು ತಾಳೆಗರಿಯ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಗರಿಯ ಮೇಲೆ ಕಂಠದಿಂದ ಕೊರೆಯಬೇಕು, ಆಮೇಲೆ ಮಸಿ ಸವರಬೇಕು. ನಡೆಯುವ ದಾರಿಯಲ್ಲಿ ಆಗುವ ಕೆಲಸವಲ್ಲ. ಒಮ್ಮೆ ಕೊರೆದದ್ದನ್ನು ತಿದ್ದಲಾಗದು. ದಾರ ಹರಿದರೆ ಗರಿಗಳು ಚೆಲ್ಲಾಪಿಲ್ಲಿ. ಕಡತದಲ್ಲಿ ಮಸಿ ಬೇಡ, ಕುಡಿಕೆ ಬೇಡ. ಮರದ ಕೆಳಗೆ ಕೂತು ಮೊಣಕಾಲ ಮೇಲಿಟ್ಟು ಬರೆಯಬಹುದು. ಬಿದ್ದರೆ ಒಡೆಯುವುದಿಲ್ಲ. ಇಡೀ ಪುಸ್ತಕ ಒಂದೇ ಬಟ್ಟೆಯಾದ್ದರಿಂದ ನಡುವಿನ ಹಾಳೆ ಕಳೆಯುವುದಿಲ್ಲ, ಕದಿಯುವುದೂ ಸುಲಭವಲ್ಲ. ಬಾಕಿ ಸಂದ ಮೇಲೆ ಒರೆಸಿ ಹೊಸ ಲೆಕ್ಕ ಬರೆಯಬಹುದು. ಮುಟ್ಟದೆ ಜೋಪಾನವಾಗಿಟ್ಟರೆ ಬರಹ ತಲೆಮಾರುಗಟ್ಟಲೆ ಉಳಿಯುತ್ತದೆ. ಶೃಂಗೇರಿ ಮಠದ ಹಳೆಯ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ.

ಪದ ಇನ್ನೂ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ಲೆಕ್ಕಪತ್ರಗಳ ಮೇಲ್ವಿಚಾರಕ ಎಂದು ಅರ್ಥ. ಆ ‘ವೆರ್ಗಡೆ’ಯೇ ಇಂದಿನ ಹೆಗ್ಗಡೆ, ಹೆಗಡೆ. ಊರ ಮಟ್ಟದಲ್ಲಿ ಲೆಕ್ಕ ಬರೆಯುತ್ತಿದ್ದವನು ಶಾಸನಗಳಲ್ಲಿ ‘ಸೇನಬೋವ’. ಅದೇ ಪದ ಸವೆದು ಶಾನುಭೋಗ ಆಯಿತು. ಅಧಿಕಾರಿಗಳ ಹೆಸರುಗಳು ಅಡ್ಡಹೆಸರುಗಳಾಗಿ ಉಳಿದವು, ಅವರ ಕೈಯಲ್ಲಿದ್ದ ವಸ್ತುವಿನ ಹೆಸರು ಮಾತ್ರ ಕಚೇರಿಯಲ್ಲೇ ಉಳಿಯಿತು.

ಶಾನುಭೋಗನ ದಿನ ಹೊರಗೇ ಕಳೆಯುತ್ತಿತ್ತು. ಬೆಳೆ ನೋಡಲು ಹೊಲಕ್ಕೆ, ಗಡಿ ತಗಾದೆಗೆ ಊರ ಅಂಚಿಗೆ, ಜಮಾಬಂದಿಗೆ ತಾಲೂಕು ಕಚೇರಿಗೆ. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಯಾವ ದೇವರ ಮಾನ್ಯ ಯಾವುದು ಎಂಬುದೆಲ್ಲ ಆ ಮಡಿಕೆಗಳಲ್ಲಿತ್ತು. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದಾಗ ಅವನ ಸಹಾಯಕರು ಊರೂರುಗಳ ಚರಿತ್ರೆಯನ್ನು ಕೈಫಿಯತ್ತುಗಳಾಗಿ ಬರೆಸಿದರು. ಹೇಳುವವರು ಹಲವು ಕಡೆ ಊರಿನ ಶಾನುಭೋಗರು, ಆಧಾರ ಅವರ ಮನೆಯ ಕಡತಗಳು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಓದಿದವರಿಗೆ ಆ ಭಾಷೆಯ ಸೊಗಡು ಗೊತ್ತು.

ಆದರೆ ಅಳಿಸಿ ಬರೆಯುವ ಅನುಕೂಲ ಎಲ್ಲರಿಗೂ ಸಮನಾಗಿ ಇರಲಿಲ್ಲ. ಬಳಪ ಯಾರ ಕೈಯಲ್ಲಿತ್ತೋ ಒರೆಸುವ ಬಟ್ಟೆಯೂ ಅವರ ಕೈಯಲ್ಲೇ ಇತ್ತು. ರೈತನಿಗೆ ಓದು ಬಾರದು. ತಾನು ಕೊಟ್ಟದ್ದು ಬರೆಯಲಾಯಿತೋ ಇಲ್ಲವೋ, ಬರೆದದ್ದು ನಾಳೆ ಉಳಿದಿರುತ್ತದೋ ಇಲ್ಲವೋ ಎಂದು ನೋಡುವ ದಾರಿ ಅವನಿಗಿರಲಿಲ್ಲ. ಅವನ ಇಡೀ ವರ್ಷದ ಬೆವರನ್ನು ಇನ್ನೊಬ್ಬರು ‘ಬರೆದುಕೊಳ್ಳುತ್ತಿದ್ದರು’. ಅವನಿಗೆ ಯಾರೂ ‘ಬರೆದುಕೊಡುತ್ತಿರಲಿಲ್ಲ’. ಮೊದಲು ಹೇಳಿದ ವ್ಯಾಕರಣ ಇಲ್ಲಿ ಜಮೀನಿನ ಪ್ರಶ್ನೆಯಾಗುತ್ತದೆ.

ವಂಶಪಾರಂಪರ್ಯವಾಗಿ ಬಂದ ಈ ಹುದ್ದೆಗಳನ್ನು ರದ್ದು ಮಾಡಲು 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು. ಅದು ಜಾರಿಯಾದದ್ದು 1963ರ ಫೆಬ್ರವರಿ 1ರಂದು. ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಕಪ್ಪು ಬಟ್ಟೆಯ ಕಡತಗಳು ಅಷ್ಟರಲ್ಲಾಗಲೇ ಅಟ್ಟ ಸೇರಿ ಕಾಗದ ಬಂದಿತ್ತು. ಇಂದು ರೈತ ತನ್ನ ಪಹಣಿಯ ಪ್ರತಿಯನ್ನು ಸಣ್ಣ ಶುಲ್ಕ ಕೊಟ್ಟು ಪಡೆಯಬಹುದು. ಇತಿಹಾಸದ ದೃಷ್ಟಿಯಿಂದ ಇದು ಚಿಕ್ಕ ಸಂಗತಿಯಲ್ಲ. ಒಬ್ಬರ ಕಂಕುಳಲ್ಲಿದ್ದ ಲೆಕ್ಕ ಕೇಳಿದವರ ಕೈಗೆ ಬರಲು ಬಹಳ ಕಾಲ ಹಿಡಿಯಿತು.

ಬುತ್ತಿ

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದದ್ದು, ಹಾಗಾಗಿಯೇ ದಾಖಲೆಗಳಲ್ಲಿ ಕಡಿಮೆ ಕಾಣುವುದು. ‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು’ ಎಂಬ ಗಾದೆ ನಮಗೆಲ್ಲ ಗೊತ್ತು. ಸ್ವಂತ ಬುದ್ಧಿ ಬೇಕು ಎಂಬುದು ಅದರ ತಾತ್ಪರ್ಯ. ಬುತ್ತಿ ಕಟ್ಟಿಕೊಟ್ಟವಳ ಕಡೆಯಿಂದ ಈ ಗಾದೆಯನ್ನು ಯಾರೂ ಕೇಳಿದಂತಿಲ್ಲ. ಎಷ್ಟು ದಿನ ಬಂದೀತು ಎಂಬ ಲೆಕ್ಕ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಉತ್ತರ ಕರ್ನಾಟಕದ ಖಡಕ್ ರೊಟ್ಟಿ ನೋಡಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ನೀರಿನಂಶ ಪೂರ್ತಿ ಹೋಗುವವರೆಗೆ ಕಾಯಿಸಿ ಒಣಗಿಸಿದರೆ ವಾರಗಟ್ಟಲೆ ಕೆಡುವುದಿಲ್ಲ. ಜತೆಗೆ ಶೇಂಗಾ ಚಟ್ನಿಪುಡಿ, ಅದರಲ್ಲೂ ನೀರಿಲ್ಲ. ದೂರದ ಜಾತ್ರೆಗೆ, ಸಂತೆಗೆ ಹೊರಟ ಗಾಡಿಯಲ್ಲಿ ಇದು. ಅದೇ ದಿನ ಮಧ್ಯಾಹ್ನಕ್ಕಾದರೆ ಮೊಸರನ್ನ. ಅದನ್ನು ಕಟ್ಟುವಲ್ಲಿ ಒಂದು ಜಾಣ್ಮೆ ಇದೆ. ಬೆಳಗ್ಗೆ ಅನ್ನಕ್ಕೆ ಹಾಲು ಬೆರೆಸಿ, ಒಂದೇ ಚಮಚ ಮೊಸರು ಹಾಕಿ ಕಟ್ಟುತ್ತಾರೆ. ಹೊರಡುವಾಗ ಹಾಲನ್ನ, ಬಿಚ್ಚುವಾಗ ಹದವಾದ ಮೊಸರನ್ನ. ಮೊಸರನ್ನೇ ಕಲಸಿ ಕಟ್ಟಿದರೆ ಮಧ್ಯಾಹ್ನಕ್ಕೆ ಹುಳಿ. ಬಿಸಿಲು ಎಷ್ಟು, ದಾರಿ ಎಷ್ಟು, ಉಣ್ಣುವ ಹೊತ್ತು ಯಾವುದು ಎಂಬುದನ್ನೆಲ್ಲ ನಸುಕಿನಲ್ಲೇ ಲೆಕ್ಕ ಹಾಕಿದ ಊಟ ಅದು. ಗಡಿಯಾರ ಇಲ್ಲದ ಮನೆಯಲ್ಲೂ ಮಧ್ಯಾಹ್ನದ ಗಂಟೆ ಆ ಗಂಟಿನೊಳಗೆ ಇರುತ್ತಿತ್ತು.

ಬುತ್ತಿ ಇಷ್ಟು ಮುಖ್ಯವಾಗಿದ್ದುದಕ್ಕೆ ರುಚಿಯೊಂದೇ ಕಾರಣವಲ್ಲ. ದಾರಿಯಲ್ಲಿ ಯಾರ ಮನೆಯಲ್ಲಿ ಉಣ್ಣಬಹುದು, ಯಾರ ಕೈಯ ನೀರು ಕುಡಿಯಬಹುದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಅರವಟ್ಟಿಗೆ, ಛತ್ರಗಳಿಗೆ ದತ್ತಿ ಬಿಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ, ಆದರೆ ಎಲ್ಲ ಛತ್ರದ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಮೇಲಿನವರಿಗೆ ಬುತ್ತಿ ಮಡಿಯ ಕಾವಲು. ಹೊರಗಿಟ್ಟವರಿಗೆ ಅದು ದಾರಿಯಲ್ಲಿ ಸಿಗುವ ಒಂದೇ ಊಟ. ಹೋಟೆಲುಗಳು ಬಂದ ಕಾಲದಲ್ಲೂ ಈ ಗೆರೆ ಕೂಡಲೇ ಅಳಿಯಲಿಲ್ಲ. ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್.

ಆದರೂ ಬುತ್ತಿಯ ಗಂಟನ್ನು ಸಡಿಲಿಸಿದ್ದು ಹೋಟೆಲುಗಳೇ. ಮುಂಬೈಯಲ್ಲಿ ಈ ಕಥೆಯ ದೊಡ್ಡ ಪಾಲು ನಮ್ಮವರದು. ಮಾಟುಂಗಾ ಸ್ಟೇಷನ್ ಎದುರು ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಇಂಥ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಸಂಜೆಯಾದ ಮೇಲೆ ಕನ್ನಡ ರಾತ್ರಿ ಶಾಲೆಗಳಿಗೆ ಹೋದರು. ನಗರದ ಗುಮಾಸ್ತರು, ಗಿರಣಿಯವರು, ವ್ಯಾಪಾರಿಗಳು ಬುತ್ತಿಯಿಲ್ಲದೆ ಹಗುರವಾಗಿ ಮನೆ ಬಿಡಬಹುದಾದದ್ದು ಈ ಹುಡುಗರು ತಮ್ಮ ದಿನವನ್ನು ಅವರ ಊಟದ ಹೊತ್ತಿಗೆ ಹೊಂದಿಸಿಕೊಂಡದ್ದರಿಂದ. ಪರೀಕ್ಷೆಗೆ ಓದಲು ಅವರಿಗೆ ಉಳಿದದ್ದು ಪಾತ್ರೆ ತೊಳೆದಾದ ಮೇಲಿನ ಸಮಯ.

ಡಬ್ಬಾ

ಮುಂಬೈಯಲ್ಲಿ ಬುತ್ತಿ ಇನ್ನೊಂದು ರೂಪದಲ್ಲೂ ಉಳಿಯಿತು. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬವರು ಸುಮಾರು ನೂರು ಮಂದಿಯನ್ನು ಕಟ್ಟಿಕೊಂಡು, ಮನೆಯ ಊಟವನ್ನು ಕಚೇರಿಗೆ ತಲುಪಿಸುವ ಕೆಲಸ ಶುರುಮಾಡಿದರು. ಡಬ್ಬಾವಾಲಾಗಳಲ್ಲಿ ಹೆಚ್ಚಿನವರು ಪುಣೆ ಜಿಲ್ಲೆಯ ಮಾವಳ, ಖೇಡ್, ಜುನ್ನರ್ ಕಡೆಯ ರೈತ ಕುಟುಂಬದವರು. ಬೆಳಗ್ಗೆ ಒಬ್ಬ ಮನೆಮನೆಗೆ ಹೋಗಿ ಡಬ್ಬಾ ಎತ್ತುತ್ತಾನೆ. ಸೈಕಲ್ ಮೇಲೆ ಹತ್ತಿರದ ಸ್ಟೇಷನ್ನಿಗೆ ಒಯ್ಯುತ್ತಾನೆ. ಅಲ್ಲಿ ಇಳಿಯುವ ಸ್ಟೇಷನ್ನಿಗೆ ತಕ್ಕಂತೆ ವಿಂಗಡಣೆ. ಉದ್ದನೆಯ ಮರದ ತಟ್ಟೆಗಳಲ್ಲಿ ತುಂಬಿ ಲೋಕಲ್ ಗಾಡಿಯ ಸಾಮಾನಿನ ಡಬ್ಬಿಗೆ ಏರಿಸುತ್ತಾರೆ. ಇಳಿದಲ್ಲಿ ಮತ್ತೆ ವಿಂಗಡಣೆ, ಇನ್ನೊಬ್ಬನ ಕೈಗೆ. ಮಧ್ಯಾಹ್ನದೊಳಗೆ ಮೇಜಿನ ಮೇಲೆ.

ಇಷ್ಟೂ ನಡೆಯುವುದು ಮುಚ್ಚಳದ ಮೇಲೆ ಬಣ್ಣದ ಕೆಲವು ಅಕ್ಷರ, ಅಂಕಿಗಳಿಂದ. ಮೊದಮೊದಲು ಬಣ್ಣದ ದಾರ ಕಟ್ಟಿ ಗುರುತು ಮಾಡುತ್ತಿದ್ದರು. ಹೊರಡುವ ಸ್ಟೇಷನ್ ಯಾವುದು, ಇಳಿಯುವುದು ಎಲ್ಲಿ, ಅಲ್ಲಿ ಎತ್ತಿಕೊಳ್ಳುವವರು ಯಾರು, ಕಟ್ಟಡ ಯಾವುದು, ಮಹಡಿ ಎಷ್ಟನೆಯದು ಎಂಬುದೆಲ್ಲ ಅದರಲ್ಲಿದೆ. ಸರಪಣಿಯಲ್ಲಿರುವ ಒಬ್ಬೊಬ್ಬರೂ ತಮಗೆ ಬೇಕಾದ ಗುರುತು ಮಾತ್ರ ಓದಿದರೆ ಸಾಕು. ಕಡತದ ಲೆಕ್ಕ ಒಬ್ಬನ ಕೈಯಲ್ಲಿತ್ತು. ಇಲ್ಲಿನ ಲೆಕ್ಕ ಹಂಚಿಹೋಗಿದೆ, ಎಲ್ಲರಿಗೂ ಕಾಣುವಂತೆ ಹೊರಗೇ ಬರೆದಿದೆ. ಕೊರೋನಾಕ್ಕೆ ಮುಂಚೆ ಸುಮಾರು 5,000 ಮಂದಿ ದಿನಕ್ಕೆ ಎರಡು ಲಕ್ಷದಷ್ಟು ಡಬ್ಬಾಗಳನ್ನು ಸಾಗಿಸುತ್ತಿದ್ದರೆಂದು ಹೇಳುತ್ತಿದ್ದರು. 2020ರ ಮಾರ್ಚಿಯಲ್ಲಿ ಲೋಕಲ್ ಗಾಡಿಗಳು ನಿಂತಾಗ ಅವರ ಕೆಲಸವೂ ನಿಂತಿತು, ಬಹಳ ಮಂದಿ ಊರಿಗೆ ಮರಳಿದರು. ಆಮೇಲೆ ಸಂಖ್ಯೆ ಮೊದಲಿನಂತೆ ಏರಲಿಲ್ಲ.

ಆ ಮುಚ್ಚಳದ ಮೇಲೆ ಒಂದು ಗುರುತು ಮಾತ್ರ ಇಲ್ಲ. ಊಟ ಕಟ್ಟಿದವರ ಹೆಸರು. ಅದರ ಅಗತ್ಯ ಆ ವ್ಯವಸ್ಥೆಗೆ ಇರಲಿಲ್ಲ ನಿಜ. ಆದರೆ ಒಂಬತ್ತು ಗಂಟೆಗೆ ಬಾಗಿಲಲ್ಲಿ ಡಬ್ಬಾ ಸಿದ್ಧವಾಗಿರಬೇಕಾದರೆ ಐದು ಗಂಟೆಗೆ ಒಲೆ ಹೊತ್ತಬೇಕು. ಹೊರಗಿನ ಲೋಕ ಅಚ್ಚರಿಪಟ್ಟು ಅಧ್ಯಯನ ಮಾಡಿದ ಸಮಯಪಾಲನೆ ಸ್ಟೇಷನ್ನಿನಿಂದ ಆಚೆಗಿನದು. ಅದಕ್ಕಿಂತ ಮೊದಲಿನ ನಾಲ್ಕು ಗಂಟೆಯ ಸಮಯಪಾಲನೆಯನ್ನು ಯಾರೂ ಅಷ್ಟಾಗಿ ಅಳೆಯಲಿಲ್ಲ.

ಈಗ ನಮ್ಮ ಜೇಬಿನ ಫೋನು ಹಡಪವೂ ಹೌದು, ಕಡತವೂ ಹೌದು. ಯಾರನ್ನು ಯಾವಾಗ ಕಾಣಬೇಕೆಂದು ಅದು ನೆನಪಿಸುತ್ತದೆ, ಕೊಟ್ಟದ್ದು ಬಂದದ್ದು ಬರೆದಿಡುತ್ತದೆ, ಒರೆಸಿದರೆ ಅಳಿಸುತ್ತದೆ. ಬುತ್ತಿಯನ್ನೂ ಅದೇ ತರಿಸಿಕೊಡುತ್ತದೆ, ಬೈಕಿನ ಮೇಲೆ ಬರುವ ಇನ್ನೊಬ್ಬ ಹುಡುಗನ ಮೂಲಕ. ಊರು ಬಿಟ್ಟು ಪುಣೆ, ದಿಲ್ಲಿ, ಹೈದರಾಬಾದಿಗೆ ಬಂದ ನಮ್ಮಂಥವರು ಇದೆಲ್ಲವನ್ನೂ ಸ್ವಂತ ಅಚ್ಚುಕಟ್ಟು ಎಂದು ಎಣಿಸುವುದು ಸುಲಭ. ಆದರೆ ಎಂಟು ಶತಮಾನದ ಈ ಚೀಲಗಳಲ್ಲಿ ಒಂದನ್ನೂ ಹೊತ್ತವರೇ ಪೂರ್ತಿ ಕಟ್ಟಿಕೊಂಡದ್ದಿಲ್ಲ. ಹಡಪ ಹಿಡಿದ ಇಬ್ಬರ ಹೆಸರು ನಮಗೆ ಗೊತ್ತಿರುವುದು ಅವರು ಬರೆದದ್ದರಿಂದ. ಉಳಿದವರ ಹೆಸರು ಎಲ್ಲೂ ಇಲ್ಲ.

ಮುಂಬೈಯ ಡಬ್ಬಾಕ್ಕೆ ಒಂದು ಮಧ್ಯಾಹ್ನದ ಪ್ರಯಾಣವೂ ಇದೆ. ಊಟ ಮುಗಿದ ಮೇಲೆ ಅದೇ ಮುಚ್ಚಳ, ಅದೇ ಗುರುತು, ಅದೇ ಕೈಗಳು. ದಾರಿ ಮಾತ್ರ ತಿರುಗುಮುರುಗು. ಸಂಜೆಯೊಳಗೆ ಖಾಲಿ ಡಬ್ಬಾ ಹೊರಟ ಮನೆಗೇ ಮರಳುತ್ತದೆ. ಬೆಳಗ್ಗೆ ಊಟ ತಲುಪಿಸುವಷ್ಟೇ ಶ್ರದ್ಧೆಯಿಂದ ಖಾಲಿ ಡಬ್ಬಾ ಹಿಂದಿರುಗಿಸದಿದ್ದರೆ ಮರುದಿನದ ಊಟವಿಲ್ಲ ಎಂಬುದನ್ನು ಆ ವ್ಯವಸ್ಥೆ ಮೊದಲ ದಿನದಿಂದಲೇ ತಿಳಿದಿತ್ತು. ಕಟ್ಟಿಕೊಟ್ಟವರ ಕಡೆಗೆ ಏನಾದರೂ ಮರಳಿ ಹೋಗಬೇಕು. ಕಡೆಯ ಪಕ್ಷ ಆ ಡಬ್ಬಾವನ್ನು ತೊಳೆದಾದರೂ ಕಳಿಸೋಣ.